ಮಳೆಗಾಲಕ್ಕೆ ರೋಲರ್: ಕೊಳ್ಳುವ ಮೊದಲು ಡ್ರಮ್ ಅಳೆಯಿರಿ

ಪ್ರಶ್ನೆ: ನಾನಿರುವುದು ಮಂಗಳೂರಿನಲ್ಲಿ, ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಮೂರು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಕಳೆದ ಡಿಸೆಂಬರಿನಲ್ಲಿ 200 ಕಿ.ಮೀ. ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಿದೆ. ಈ ಸಲ 300 ಕಿ.ಮೀ. ಮಾಡಬೇಕೆಂಬ ಆಸೆ. ಆದರೆ ಜೂನ್ ಬಂತೆಂದರೆ ಅಭ್ಯಾಸವೇ ನಿಂತುಹೋಗುತ್ತದೆ. ಮನೆಯೊಳಗೆ ತುಳಿಯಲು ರೋಲರ್ ಕೊಳ್ಳೋಣ ಅಂತಿದ್ದೇನೆ. ನನ್ನದು ಡಿಸ್ಕ್ ಬ್ರೇಕಿನ ರೋಡ್ ಬೈಕ್, ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿಸಿ ಫ್ರೇಮಿಗೆ ತಿರುಗಿಸಿ ಬಿಗಿಯುವ ಅಚ್ಚು), 28 ಮಿ.ಮೀ. ಟೈರ್. ನನ್ನ ತೂಕ 58 ಕೆ.ಜಿ. ಡ್ರಮ್ ದಪ್ಪ ಇರಬೇಕಾ, ಸಣ್ಣದಿರಬೇಕಾ? ಪ್ಲಾಸ್ಟಿಕ್ ಸಾಕಾ, ಅಲ್ಯೂಮಿನಿಯಮ್ಮೇ ಬೇಕಾ? ಬೀಳುವ ಭಯವೂ ಇದೆ. ಕೆಳಗಿನ ಮನೆಯವರಿಗೆ ಸದ್ದಾಗುತ್ತಾ? ಅಥವಾ ರೋಲರ್ ಬಿಟ್ಟು ಟ್ರೈನರ್ರೇ ಕೊಳ್ಳಲಾ? ಮನೆಯಲ್ಲಿ ಐದು ವರ್ಷದ ಮಗು ಇದೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಇತ್ಯರ್ಥವಾಗದೆ ಉಳಿದದ್ದನ್ನು ಮಾತಾಡಿ ಉಪಯೋಗವಿಲ್ಲ.

ಟ್ರೈನರ್ ಅಂದರೆ ಸೈಕಲ್ಲಿನ ಹಿಂಭಾಗವನ್ನು ಕಚ್ಚಿ ಹಿಡಿದುಕೊಳ್ಳುವ ಸ್ಟ್ಯಾಂಡ್. ಅದರ ಮೇಲೆ ಸೈಕಲ್ ಅಲುಗಾಡುವುದಿಲ್ಲ. ನೀವು ಕಣ್ಣು ಮುಚ್ಚಿ ಬೇಕಾದರೂ ತುಳಿಯಬಹುದು. ರೋಲರ್ ಹಾಗಲ್ಲ. ಒಂದು ಚೌಕಟ್ಟು, ಅದರಲ್ಲಿ ಮೂರು ಡ್ರಮ್. ಹಿಂದಿನ ಚಕ್ರ ಎರಡು ಡ್ರಮ್‌ಗಳ ನಡುವಿನ ತಗ್ಗಿನಲ್ಲಿ ಕೂರುತ್ತದೆ, ಮುಂದಿನ ಚಕ್ರ ಮೂರನೆಯದರ ಮೇಲೆ ನಿಲ್ಲುತ್ತದೆ. ಸೈಕಲ್ಲನ್ನು ಯಾವುದೂ ಹಿಡಿದುಕೊಂಡಿರುವುದಿಲ್ಲ. ಹಿಂದಿನ ಒಂದು ಡ್ರಮ್ಮಿನಿಂದ ಮುಂದಿನ ಡ್ರಮ್ಮಿಗೆ ಒಂದು ಬೆಲ್ಟ್ ಇರುತ್ತದೆ. ನೀವು ತುಳಿದಾಗ ಹಿಂದಿನ ಚಕ್ರ ಡ್ರಮ್ಮನ್ನು ತಿರುಗಿಸುತ್ತದೆ, ಬೆಲ್ಟ್ ಮುಂದಿನ ಡ್ರಮ್ಮನ್ನು ತಿರುಗಿಸುತ್ತದೆ, ಆ ಡ್ರಮ್ ಮುಂದಿನ ಚಕ್ರವನ್ನು ತಿರುಗಿಸುತ್ತದೆ. ಈ ಬೆಲ್ಟ್ ಇಲ್ಲದಿದ್ದರೆ ರೋಲರ್ ಮೇಲೆ ಕೂರಲಿಕ್ಕೇ ಆಗುವುದಿಲ್ಲ. ರಸ್ತೆಯಲ್ಲಿ ನಾವು ಬೀಳದೆ ಇರುವುದು ಹ್ಯಾಂಡಲ್ಲನ್ನು ಕ್ಷಣಕ್ಷಣಕ್ಕೂ ಚೂರು ಚೂರು ತಿರುಗಿಸಿ, ಚಕ್ರವನ್ನು ನಮ್ಮ ತೂಕದ ಅಡಿಗೆ ತಂದುಕೊಳ್ಳುವುದರಿಂದ. ಮುಂದಿನ ಚಕ್ರ ಉರುಳುತ್ತಿದ್ದರೆ ಮಾತ್ರ ಅದು ಆಗುತ್ತದೆ. ರೋಲರ್ ಮೇಲೆ ನೀವು ಮಾಡುವುದೂ ಅದೇ ಕೆಲಸ, ಆದರೆ 40 ಸೆಂ.ಮೀ. ಆಸುಪಾಸಿನ ಅಗಲದೊಳಗೆ.

ನಿಮ್ಮ ಗುರಿ 300 ಕಿ.ಮೀ. ಬ್ರೆವೆ. ಅದಕ್ಕೆ ಕೊಡುವ ಸಮಯ 20 ಗಂಟೆ. ಅಂದರೆ ಗಂಟೆಗೆ ಸರಾಸರಿ 15 ಕಿ.ಮೀ., ಊಟ, ತಿಂಡಿ, ಪಂಕ್ಚರ್ ಎಲ್ಲ ಸೇರಿ. ಇದಕ್ಕೆ ಬೇಕಾದದ್ದು ಸ್ಪ್ರಿಂಟ್ ಹೊಡೆಯುವ ಕಾಲಲ್ಲ. ತಾಸುಗಟ್ಟಲೆ ಒಂದೇ ಲಯದಲ್ಲಿ ತುಳಿಯುವ ಕಾಲು, ಸೀಟಿನ ಮೇಲೆ ನೆಮ್ಮದಿಯಾಗಿ ಕೂರುವ ಸೊಂಟ, ಸುಸ್ತಾದ ಮೇಲೂ ಸೈಕಲ್ಲನ್ನು ನೇರ ಗೆರೆಯಲ್ಲಿ ಇಟ್ಟುಕೊಳ್ಳುವ ಕೈ. ಈ ಮೂರನ್ನೂ ರೋಲರ್ ಚೆನ್ನಾಗಿ ಕಲಿಸುತ್ತದೆ. ಕಾಲು ಜರ್ಕ್ ಹೊಡೆದರೆ ಸೈಕಲ್ ಹಿಂದೆ ಮುಂದೆ ತುಯ್ಯುತ್ತದೆ, ತಪ್ಪು ಆ ಕ್ಷಣವೇ ಗೊತ್ತಾಗುತ್ತದೆ. ಟ್ರೈನರ್ ಮೇಲೆ ಅದೇ ತಪ್ಪನ್ನು ಇಡೀ ಮಳೆಗಾಲ ಮಾಡುತ್ತಿದ್ದರೂ ಗೊತ್ತಾಗುವುದಿಲ್ಲ.

ರೋಲರ್ ಕೊಡದ ಒಂದು ವಿಷಯವಿದೆ, ಅದನ್ನೂ ಹೇಳಿಬಿಡುತ್ತೇನೆ: ಘಾಟಿ ಏರುವ ಶಕ್ತಿ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗಂಟೆಗೆ 8 ಕಿ.ಮೀ. ವೇಗದಲ್ಲಿ ಭಾರವಾಗಿ ತುಳಿಯುತ್ತೇವಲ್ಲ, ಆ ತುಳಿತ ರೋಲರ್ ಮೇಲೆ ಸಿಗದು. ರೋಲರ್ ಮೇಲಿನ ತುಳಿತ ಸಮತಟ್ಟು ರಸ್ತೆಯಲ್ಲಿ ಬೆನ್ನಗಾಳಿ ಇದ್ದ ಹಾಗೆ. ನಿಮ್ಮ ಮುಖ್ಯ ಗುರಿ ಘಾಟಿಯೇ ಆಗಿದ್ದರೆ ಟ್ರೈನರ್ ಕೊಳ್ಳಿ ಅನ್ನುತ್ತಿದ್ದೆ. ನಿಮಗೆ ರೋಲರ್ ಸರಿ. ಇನ್ನೊಂದು ಅನುಕೂಲವೂ ಇದೆ. ನಿಮ್ಮದು ಥ್ರೂ ಆಕ್ಸಲ್ ಸೈಕಲ್. ಹಿಂದಿನ ಚಕ್ರವನ್ನು ಹಿಡಿಯುವ ಟ್ರೈನರ್ರಿಗೆ ಬೇರೆ ಆಕ್ಸಲ್ ತರಬೇಕಾಗುತ್ತದೆ. ಚಕ್ರ ಬಿಚ್ಚಿ ಕೂರಿಸುವ ಟ್ರೈನರ್ರಿಗೆ ಅಡಾಪ್ಟರ್ ನೋಡಬೇಕು, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹೊಂದಬೇಕು. ರೋಲರಿಗೆ ಇದ್ಯಾವುದೂ ಬೇಡ. ಎತ್ತಿ ಇಟ್ಟರೆ ಆಯಿತು. ಫ್ರೇಮನ್ನು ಯಾವುದೂ ಹಿಡಿಯದ ಕಾರಣ ಕಾರ್ಬನ್ ಫ್ರೇಮಿನವರೂ ಚಿಂತೆ ಮಾಡಬೇಕಿಲ್ಲ.

ಈಗ ಡ್ರಮ್ಮಿನ ವಿಷಯ. ನಾನು ಜಾಸ್ತಿ ಹೇಳಬೇಕಿರುವುದು ಇದರ ಬಗ್ಗೆಯೇ. ರೋಲರ್ ಕೊಂಡವರು ನನ್ನ ಹತ್ತಿರ ಬಂದು ಹೇಳುವ ದೂರು ಎರಡೇ: "ತುಂಬ ಹಗುರ ಸಾರ್, ಬೆವರೇ ಬರಲ್ಲ" ಅಥವಾ "ಐದು ನಿಮಿಷ ತುಳಿಯೋಕಾಗಲ್ಲ, ಕಾಲು ಕಟ್ಕೊಳ್ತವೆ". ಎರಡಕ್ಕೂ ಕಾರಣ ಒಂದೇ, ಡ್ರಮ್ಮಿನ ವ್ಯಾಸ. ಕೊಳ್ಳುವಾಗ ಅವರು ಬಣ್ಣ ನೋಡಿದ್ದರು, ಮಡಚುತ್ತದಾ ಎಂದು ನೋಡಿದ್ದರು, ಬೆಲೆ ನೋಡಿದ್ದರು. ವ್ಯಾಸ ಕೇಳಿರಲಿಲ್ಲ.

ಗಾಳಿ ತುಂಬಿದ ಟೈರ್ ಸಮತಟ್ಟು ನೆಲದ ಮೇಲೆ ನಿಂತಾಗ ಸ್ವಲ್ಪವೇ ಚಪ್ಪಟೆಯಾಗುತ್ತದೆ. ಅದೇ ಟೈರನ್ನು ಕೊಳವೆಯ ಮೇಲೆ ಇಟ್ಟರೆ ಕೊಳವೆ ಟೈರಿನೊಳಕ್ಕೆ ಒತ್ತಿಕೊಳ್ಳುತ್ತದೆ. ಕೊಳವೆ ಸಣ್ಣದಾದಷ್ಟೂ ಒತ್ತು ಆಳವಾಗುತ್ತದೆ. ಲಟ್ಟಣಿಗೆಯಿಂದ ಹಿಟ್ಟನ್ನು ಒತ್ತುವುದಕ್ಕೂ ಪೆನ್ಸಿಲ್ಲಿನಿಂದ ಒತ್ತುವುದಕ್ಕೂ ಇರುವ ವ್ಯತ್ಯಾಸ ಅದು. ಚಕ್ರ ಉರುಳುವಾಗ ರಬ್ಬರ್ ಪ್ರತಿ ಸುತ್ತಿಗೂ ಹೀಗೆ ಒಳಗೆ ಹೋಗಿ ಹೊರಗೆ ಬರಬೇಕು. ಆ ಕೆಲಸಕ್ಕೆ ನಿಮ್ಮ ಕಾಲಿನ ಶಕ್ತಿ ಖರ್ಚಾಗುತ್ತದೆ. ರೋಲರಿನ ಭಾರ ಅಂದರೆ ಬಹುಪಾಲು ಇದೇ. ಹಾಗಾಗಿ ದಪ್ಪ ಡ್ರಮ್ ಹಗುರ, ಸಣ್ಣ ಡ್ರಮ್ ಭಾರ.

ಮಾರುಕಟ್ಟೆಯಲ್ಲಿ ಸಿಗುವ ಅಳತೆಗಳನ್ನು ನೋಡೋಣ. ಅಮೆರಿಕದ ಕ್ರೈಟ್ಲರ್ ಕಂಪನಿ ತನ್ನ ಅಲ್ಯೂಮಿನಿಯಂ ರೋಲರನ್ನು ಮೂರು ವ್ಯಾಸಗಳಲ್ಲಿ ಮಾಡುತ್ತಾ ಬಂದಿದೆ: 4.5 ಇಂಚು, 3 ಇಂಚು, 2.25 ಇಂಚು. ಅಂದರೆ ಸುಮಾರು 114, 76 ಮತ್ತು 57 ಮಿ.ಮೀ. ಬೇರೆ ಕಂಪನಿಗಳವೂ ಬಹುತೇಕ ಇದರ ನಡುವೆಯೇ ಬರುತ್ತವೆ. 4.5 ಇಂಚಿನದು ರೇಸಿಗೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು, ಕಾಲನ್ನು ವೇಗವಾಗಿ ತಿರುಗಿಸುವ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಟ್ರ್ಯಾಕ್ ರೇಸಿನ ದಿನ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಂಥ ವೆಲೊಡ್ರೋಮಿಗೆ ಹೋದರೆ ಮಧ್ಯದ ಜಾಗದಲ್ಲಿ ಸವಾರರು ಸಾಲಾಗಿ ರೋಲರ್ ಮೇಲೆ ತುಳಿಯುವುದು ಕಾಣುತ್ತದೆ. ಟ್ರ್ಯಾಕ್ ಸೈಕಲ್ಲಿಗೆ ಒಂದೇ ಗೇರ್, ಅದೂ ದೊಡ್ಡದು, ಸುಮ್ನೆ ಉರುಳಲು ಬಿಡುವಂತಿಲ್ಲ. ಅವರಿಗೆ ಭಾರದ ಡ್ರಮ್ ಕೊಟ್ಟರೆ ರೇಸಿಗೆ ಮುಂಚೆಯೇ ಕಾಲು ಸೋಲುತ್ತದೆ. 2.25 ಇಂಚಿನದು ಅದಕ್ಕೆ ಪೂರ್ತಿ ವಿರುದ್ಧ. ಅದರ ಮೇಲೆ ಸಾಮಾನ್ಯ ಸವಾರರು ಸಣ್ಣ ಗೇರಿನಲ್ಲೂ ಏದುಸಿರು ಬಿಡುತ್ತಾರೆ. ಮೊದಲ ರೋಲರ್ ಆಗಿ ಅದನ್ನು ಯಾರಿಗೂ ಹೇಳಲಾರೆ.

ಇಲ್ಲಿ ನಿಮ್ಮ ತೂಕವೂ ಲೆಕ್ಕಕ್ಕೆ ಬರುತ್ತದೆ. ಟೈರನ್ನು ಡ್ರಮ್ಮಿನ ಮೇಲೆ ಒತ್ತುವುದು ನಿಮ್ಮ ಭಾರವೇ ಅಲ್ವಾ? 85 ಕೆ.ಜಿ. ಇರುವವರಿಗೆ 4.5 ಇಂಚಿನ ಡ್ರಮ್ ಸಾಕಷ್ಟು ಭಾರ ಕೊಡಬಹುದು. 58 ಕೆ.ಜಿ.ಯವರಿಗೆ ಅದೇ ಡ್ರಮ್ ಹಗುರ ಅನ್ನಿಸುತ್ತದೆ. ಒಂದು ಅಂದಾಜು ಲೆಕ್ಕ ಕೊಡುತ್ತೇನೆ. ನೀವು, ಸೈಕಲ್ ಸೇರಿ 68 ಕೆ.ಜಿ. ಅಂತಿಟ್ಟುಕೊಳ್ಳಿ. ಗಾಳಿಯಿಲ್ಲದ ದಿನ, ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋಗಲು ಸುಮಾರು 150 ವ್ಯಾಟ್ ಬೇಕು. ಅದರಲ್ಲಿ ಬಹುಪಾಲು ಗಾಳಿಯನ್ನು ಸೀಳಲು ಹೋಗುತ್ತದೆ. 4.5 ಇಂಚಿನ ರೋಲರ್ ಮೇಲೆ ಅದೇ 30 ಕಿ.ಮೀ.ಗೆ, ಟೈರಿಗೆ ಸರಿಯಾಗಿ ಗಾಳಿ ತುಂಬಿದ್ದರೆ, ಹೆಚ್ಚು ಕಡಿಮೆ ಅದರ ಅರ್ಧ ಸಾಕು.

ಇನ್ನೂ ಒಂದು ಮುಖ್ಯ ವ್ಯತ್ಯಾಸವಿದೆ. ರಸ್ತೆಯಲ್ಲಿ ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಎಂಟು ಪಟ್ಟು ಶಕ್ತಿ ಬೇಕು. ರೋಲರ್ ಮೇಲೆ ಗಾಳಿಯೇ ಇಲ್ಲ. ಅಲ್ಲಿ ವೇಗ ಎರಡು ಪಟ್ಟಾದರೆ ಶಕ್ತಿಯೂ ಸುಮಾರು ಎರಡೇ ಪಟ್ಟು. ಅಂದರೆ ಹಗುರ ಡ್ರಮ್ ಮೇಲೆ 150 ವ್ಯಾಟ್ ಖರ್ಚು ಮಾಡಬೇಕೆಂದರೆ ನೀವು 60 ಕಿ.ಮೀ. ವೇಗದ ಆಸುಪಾಸು ತಿರುಗಿಸಬೇಕಾಗುತ್ತದೆ. ನಿಮ್ಮ ಸೈಕಲ್ಲಿನ ಮುಂದಿನ ಹಲ್ಲುಚಕ್ರ 50 ಹಲ್ಲಿನದು, ಹಿಂದಿನ ಅತಿ ಸಣ್ಣದು 11 ಹಲ್ಲಿನದು ಅಂದುಕೊಳ್ಳೋಣ. ನಿಮಿಷಕ್ಕೆ 90 ಸುತ್ತು ತುಳಿದರೂ ಸಿಗುವುದು ಸುಮಾರು 52 ಕಿ.ಮೀ. ವೇಗ. ಗೇರ್ ಮುಗಿದುಹೋಯಿತು, ಬೆವರು ಇನ್ನೂ ಬಂದಿಲ್ಲ! "ತುಂಬ ಹಗುರ" ಅನ್ನುವವರ ಕಷ್ಟ ಇದು.

ಗಾಳಿಯ ಈ ಮಹಿಮೆಯನ್ನು ನೂರಿಪ್ಪತ್ತು ವರ್ಷಕ್ಕೂ ಹಿಂದೆ ಒಬ್ಬ ಸವಾರ ಮಾಡಿ ತೋರಿಸಿದ್ದ. ಅಮೆರಿಕದ ಚಾರ್ಲ್ಸ್ ಮರ್ಫಿ. 1899ರ ಜೂನ್ 30ರಂದು ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ರೈಲು ಹಳಿಯ ನಡುವೆ ಹಲಗೆ ಹಾಸಿಸಿ, ಓಡುವ ರೈಲಿನ ಹಿಂದೆ ಗಾಳಿಯ ಮರೆಯಲ್ಲಿ ಒಂದು ಮೈಲಿಯನ್ನು 57.8 ಸೆಕೆಂಡಿನಲ್ಲಿ ತುಳಿದ. ಗಂಟೆಗೆ 100 ಕಿ.ಮೀ. ಆಯಿತು. ಆ ಕಾಲದ ಸೈಕಲ್ಲಿನಲ್ಲಿ! ನೀವು ರೋಲರ್ ಮೇಲೆ ಕೂತು ಮೀಟರಿನಲ್ಲಿ 45 ನೋಡಿ ಹಿಗ್ಗಿದಾಗ ಮರ್ಫಿಯನ್ನು ನೆನೆಯಿರಿ. ರೋಲರ್ ಮೇಲಿನ ಕಿಲೋಮೀಟರ್ ರಸ್ತೆಯ ಕಿಲೋಮೀಟರ್ ಅಲ್ಲ. ಡೈರಿಯಲ್ಲಿ ನಿಮಿಷ ಬರೆದಿಡಿ, ದೂರ ಬೇಡ.

ಹಾಗಾದರೆ ನಿಮಗೆ ಯಾವುದು? 3 ಇಂಚಿನಿಂದ 3.5 ಇಂಚಿನೊಳಗಿನ ಡ್ರಮ್. ಮಿ.ಮೀ. ಲೆಕ್ಕದಲ್ಲಿ 76ರಿಂದ 89. ನಿಮ್ಮ ತೂಕಕ್ಕೆ, ನಿಮ್ಮ ಗುರಿಗೆ, ನಡುವಿನ ಗೇರುಗಳಲ್ಲೇ ಒಂದು ಗಂಟೆ ಹದವಾಗಿ ತುಳಿಯುವಷ್ಟು ಭಾರ ಇದರಲ್ಲಿ ಸಿಗುತ್ತದೆ. ಇದು ಸಿಗದೆ 4 ಇಂಚಿಗಿಂತ ದಪ್ಪದ್ದೇ ಸಿಕ್ಕರೆ, ಮ್ಯಾಗ್ನೆಟ್ ಬ್ರೇಕ್ ಇರುವುದನ್ನು ನೋಡಿ. ಡ್ರಮ್ಮಿನ ಹತ್ತಿರ ಅಯಸ್ಕಾಂತ ಇಟ್ಟು ಭಾರ ಹೆಚ್ಚಿಸುವ ವ್ಯವಸ್ಥೆ ಅದು. ಇಟಲಿಯ ಎಲೀಟ್ ಕಂಪನಿಯ ಆರಿಯಾನ್ ಮ್ಯಾಗ್ ಅಂಥದ್ದು. ಎರಡೂ ಇಲ್ಲದೆ ದಪ್ಪ ಡ್ರಮ್ ಮಾತ್ರ ಇದ್ದರೆ, ಟೈರಿನ ಗಾಳಿ ಸ್ವಲ್ಪ ಇಳಿಸಿ ಭಾರ ಹೆಚ್ಚಿಸಿಕೊಳ್ಳಬಹುದು. ಗಾಳಿ ಕಡಿಮೆಯಾದರೆ ಟೈರ್ ಇನ್ನೂ ಆಳಕ್ಕೆ ಒತ್ತಿಕೊಳ್ಳುತ್ತದೆ. ಆದರೆ ಅತಿಯಾಗಿ ಇಳಿಸಬೇಡಿ. ಟೈರ್ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಹತ್ತು ಪಿಎಸ್‌ಐ ಇಳಿಸಿ ನೋಡಿ, ಅಷ್ಟಕ್ಕೆ ನಿಲ್ಲಿಸಿ.

ಪ್ಲಾಸ್ಟಿಕ್ಕೋ ಅಲ್ಯೂಮಿನಿಯಮ್ಮೋ ಎಂದು ಕೇಳಿದ್ದೀರಿ. ಕೈಗೆಟಕುವುದಾದರೆ ಅಲ್ಯೂಮಿನಿಯಂ. ಲೇತಿನಲ್ಲಿ ತಿರುವಿ ಮಾಡಿದ ಅಲ್ಯೂಮಿನಿಯಂ ಡ್ರಮ್ ನಿಜವಾಗಿಯೂ ದುಂಡಗಿರುತ್ತದೆ. ದುಂಡಗಿರುವುದು ಯಾಕೆ ಮುಖ್ಯ ಅಂದರೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ನಿಮ್ಮ ಚಕ್ರ ನಿಮಿಷಕ್ಕೆ ಸುಮಾರು 240 ಸುತ್ತು ತಿರುಗಿದರೆ, 3 ಇಂಚಿನ ಡ್ರಮ್ 2,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಕೂದಲೆಳೆಯಷ್ಟು ಓರೆ ಇದ್ದರೂ ಆ ವೇಗದಲ್ಲಿ ಅದು ಗುಡುಗುಡು ನಡುಕವಾಗಿ ಸೀಟಿಗೆ ಬರುತ್ತದೆ, ನೆಲಕ್ಕೂ ಇಳಿಯುತ್ತದೆ. ಅಲ್ಯೂಮಿನಿಯಂ ಬಿಸಿಯನ್ನೂ ಬೇಗ ಬಿಟ್ಟುಕೊಡುತ್ತದೆ. ಪ್ಲಾಸ್ಟಿಕ್ ಡ್ರಮ್ ತೂಕದಲ್ಲಿ ಹಗುರ, ಅಗ್ಗ. ಚೆನ್ನಾಗಿ ಮಾಡಿದ್ದಾದರೆ ಸದ್ದೂ ಕಡಿಮೆ. ವಾರಕ್ಕೆ ಎರಡು ಸಲ ಅರ್ಧ ಗಂಟೆ ತುಳಿಯುವವರಿಗೆ ಅದು ವರ್ಷಗಟ್ಟಲೆ ಬಾಳುತ್ತದೆ. ಹಾಗಾಗಿ ಬಜೆಟ್ ಕಡಿಮೆ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಸರಿಯಾದ ವ್ಯಾಸದ ಪ್ಲಾಸ್ಟಿಕ್ ಡ್ರಮ್, ತಪ್ಪು ವ್ಯಾಸದ ಅಲ್ಯೂಮಿನಿಯಂ ಡ್ರಮ್ಮಿಗಿಂತ ಮೇಲು.

ಕೆಲವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ನಾನೂ ಒಮ್ಮೆ ಮಾಡಿದ್ದೆ. ನೀರಿನ ಕೊಳವೆ ಅಂಗಡಿಯಲ್ಲಿ ಸಿಗುವ 110 ಮಿ.ಮೀ. ಪಿವಿಸಿ ಪೈಪ್, 4.5 ಇಂಚಿನ ಡ್ರಮ್ಮಿಗೆ ಬಹಳ ಹತ್ತಿರದ ಅಳತೆ. ಎರಡು ತುದಿಗೂ ಮುಚ್ಚಳ, ನಡುವೆ ಬೇರಿಂಗ್, ಮರದ ಚೌಕಟ್ಟು. ಕೇಳಲು ಸುಲಭ. ಆದರೆ ಪೈಪಿನ ನಡುಬಿಂದುವೂ ಬೇರಿಂಗಿನ ನಡುಬಿಂದುವೂ ಒಂದೇ ಆಗಬೇಕು, ಅಲ್ಲೇ ಎಲ್ಲ ಕೆಡುವುದು. ನನ್ನದು ಮೊದಲ ಸಲ ಎಷ್ಟು ನಡುಗಿತೆಂದರೆ ಹತ್ತಿರದ ಮೇಜಿನ ಮೇಲಿದ್ದ ಲೋಟ ಜಾರಿ ಕೆಳಗೆ ಬಿತ್ತು. ಆಮೇಲೆ ಲೇತ್ ಕೆಲಸದವರೊಬ್ಬರ ಹತ್ತಿರ ನೈಲಾನ್ ಗಟ್ಟಿಯಲ್ಲಿ ಮುಚ್ಚಳ ತಿರುವಿಸಿದೆ, ಸರಿಹೋಯಿತು. ಕೈಕೆಲಸದಲ್ಲಿ ಆಸಕ್ತಿಯಿದ್ದು, ಪರಿಚಯದ ಲೇತ್ ಇದ್ದರೆ ಮಾಡಿ. ನಿಮ್ಮ ತೂಕಕ್ಕೆ ಅದು ಹಗುರವಾಗುತ್ತದೆ ಎಂಬುದು ಮಾತ್ರ ನೆನಪಿರಲಿ.

ಡ್ರಮ್ಮಿನ ಆಕಾರದ ಬಗ್ಗೆ ಎರಡು ಮಾತು. ಕೆಲವು ಡ್ರಮ್ ನೇರ ಕೊಳವೆಯ ಹಾಗಿರುತ್ತವೆ. ಎಲೀಟ್ ಆರಿಯಾನ್ ಡ್ರಮ್‌ಗಳು ನಡುವೆ ಸ್ವಲ್ಪ ಸಪೂರ, ಅಂಚಿಗೆ ದಪ್ಪ. ಟಾಕ್ಸ್ ಕಂಪನಿಯ ಆಂಟಾರೆಸ್ ಡ್ರಮ್‌ಗಳ ಎರಡೂ ತುದಿ ಏರಿಕೊಂಡಿರುತ್ತವೆ. ಚಕ್ರ ಅಂಚಿಗೆ ಸರಿದಾಗ ಅದು ನಿಮ್ಮನ್ನು ಎಚ್ಚರಿಸುತ್ತದೆ, ನಡುವಿಗೆ ತರಲು ನೆರವಾಗುತ್ತದೆ. ಹೊಸಬರಿಗೆ ಇದರಿಂದ ಧೈರ್ಯ ಬರುತ್ತದೆ, ನಿಜ. ಆದರೆ ಒಂದು ತಿಂಗಳಾದ ಮೇಲೆ ನಿಮ್ಮ ಚಕ್ರ ನಡುವಿನ ಒಂದು ಅಂಗೈ ಅಗಲ ಬಿಟ್ಟು ಆಚೆ ಹೋಗುವುದೇ ಇಲ್ಲ. ಆಗ ಅಂಚು ಹೇಗಿದ್ದರೇನು? ಇದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ, ಬಂದರೆ ಒಳ್ಳೆಯದು.

ಚೌಕಟ್ಟೇ ಹಿಂದೆ ಮುಂದೆ ಜಾರುವ ರೋಲರ್‌ಗಳೂ ಇವೆ. ಇನ್‌ಸೈಡ್ ರೈಡ್ ಕಂಪನಿಯ ಇ-ಮೋಷನ್ ಆ ಬಗೆಯದು. ಎದ್ದು ನಿಂತು ತುಳಿದರೂ ಚಕ್ರ ಡ್ರಮ್ಮಿನಿಂದ ಹಾರುವುದಿಲ್ಲ, ಬಹಳ ಸುಖ. ಬೆಲೆಯೂ ಹಾಗೇ ಇದೆ. ಮುಂದಿನ ಚಕ್ರ ತೆಗೆದು ಫೋರ್ಕನ್ನೇ ಸ್ಟ್ಯಾಂಡಿಗೆ ಸಿಕ್ಕಿಸುವ ಫೀಡ್‌ಬ್ಯಾಕ್ ಸ್ಪೋರ್ಟ್ಸ್ ಓಮ್ನಿಯಂ, ಮುಂದಿನ ಚಕ್ರವನ್ನು ಹಿಡಿದುಕೊಳ್ಳುವ ವಾಹೂ ಕಿಕರ್ ರೋಲರ್ ಇಂಥವೂ ಇವೆ. ಇವುಗಳ ಮೇಲೆ ಬೀಳುವ ಭಯವಿಲ್ಲ. ಆದರೆ ಬ್ಯಾಲೆನ್ಸ್ ಅಭ್ಯಾಸವೂ ಇಲ್ಲ. ನಿಮಗೆ ರೋಲರ್ ಬೇಕಾಗಿರುವುದೇ ಆ ಅಭ್ಯಾಸಕ್ಕೆ ಎಂದು ನಾನು ನಂಬಿದ್ದೇನೆ, ಅದಕ್ಕೇ ಇವುಗಳನ್ನು ನಿಮಗೆ ಹೇಳುತ್ತಿಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು ಏನು? ಹೋಗುವ ಮುಂಚೆ ಮನೆಯಲ್ಲಿ ಟೇಪ್ ಹಿಡಿದು, ಮುಂದಿನ ಚಕ್ರದ ಆಕ್ಸಲ್ ನಡುವಿನಿಂದ ಹಿಂದಿನ ಆಕ್ಸಲ್ ನಡುವಿನವರೆಗೆ ಎಷ್ಟಿದೆ ಅಳೆದುಕೊಳ್ಳಿ. ರೋಡ್ ಬೈಕ್ ಆದರೆ ಒಂದು ಮೀಟರಿನ ಆಚೆ ಈಚೆ ಇರುತ್ತದೆ. ಮುಂದಿನ ಡ್ರಮ್ಮನ್ನು ಹಿಂದೆ ಮುಂದೆ ಸರಿಸಿ ನಿಮ್ಮ ಅಳತೆಗೆ ಕೂರಿಸಲು ಬರಬೇಕು. ಮುಂದಿನ ಡ್ರಮ್ಮಿನ ನಡುವು ಚಕ್ರದ ಆಕ್ಸಲ್ಲಿಗಿಂತ ಎರಡು ಬೆರಳು ಮುಂದಿರಲಿ. ಡ್ರಮ್ ಹಿಂದಕ್ಕೆ ಬಂದರೆ ಚಕ್ರ ಅದನ್ನು ದಾಟಿ ಮುಂದಕ್ಕೆ ಇಳಿಯಲು ನೋಡುತ್ತದೆ. ಆಮೇಲೆ ಒಂದೊಂದು ಡ್ರಮ್ಮನ್ನೂ ಕೈಯಿಂದ ತಿರುಗಿಸಿ. ಪಕ್ಕದಲ್ಲಿ ಪೆನ್ಸಿಲ್ ತುದಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿಯಿರಿ. ಒಂದು ಕಡೆ ತಾಗಿ ಇನ್ನೊಂದು ಕಡೆ ತಾಗದಿದ್ದರೆ ಡ್ರಮ್ ಓರೆ ಇದೆ ಅಂತ ಅರ್ಥ, ಬೇರೆ ಕೇಳಿ. ಗರಗರ ಅಂದರೆ ಬೇರಿಂಗ್ ಸರಿಯಿಲ್ಲ. ಬೇರಿಂಗ್ ಮೇಲೆ ನಂಬರ್ ಇರುತ್ತದೆ. ಆ ನಂಬರ್ ಸಾಮಾನ್ಯ ಬೇರಿಂಗ್ ಅಂಗಡಿಯಲ್ಲಿ ಸಿಗುವುದಾದರೆ ನಾಳೆ ನೀವೇ ಬದಲಿಸಿಕೊಳ್ಳಬಹುದು. ಬೆಲ್ಟ್ ಮಾತ್ರ ಹಾಗಲ್ಲ. ಹೊರದೇಶದ ರೋಲರಿನ ಬೆಲ್ಟ್ ಕಿತ್ತುಹೋದರೆ ತರಿಸಿಕೊಳ್ಳುವುದರೊಳಗೆ ನಿಮ್ಮ ತುಳುನಾಡಿನ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದು ಸೋಣ ಬಂದಿರುತ್ತದೆ. ಕೊಳ್ಳುವ ದಿನವೇ ಒಂದು ಬೆಲ್ಟ್ ಜಾಸ್ತಿ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ರೋಲರ್ ಸಿಕ್ಕರೆ ಖಂಡಿತ ನೋಡಿ. ಉತ್ಸಾಹದಿಂದ ಕೊಂಡು ನಾಲ್ಕು ಸಲ ತುಳಿದು ಮೂಲೆಗಿಟ್ಟವರು ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ಮೂರು ಡ್ರಮ್, ಆರು ಬೇರಿಂಗ್, ಒಂದು ಬೆಲ್ಟ್. ಇಷ್ಟು ಸರಿಯಿದ್ದರೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವಿಲ್ಲ.

ಬೀಳುವ ಭಯದ ಬಗ್ಗೆ ಈಗ ಹೇಳುತ್ತೇನೆ. ರೋಲರಿನಿಂದ ಚಕ್ರ ಜಾರಿದರೆ ಸೈಕಲ್ ರೊಯ್ಯನೆ ಹೋಗಿ ಎದುರಿನ ಗೋಡೆಗೆ ಗುದ್ದುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಾಗುವುದಿಲ್ಲ. ರಸ್ತೆಯಲ್ಲಿ ಬಿದ್ದರೆ ಪೆಟ್ಟಾಗುವುದು ನಮ್ಮ ಇಡೀ ದೇಹ 30 ಕಿ.ಮೀ. ವೇಗದಲ್ಲಿ ಹೋಗುತ್ತಿರುವುದರಿಂದ. ರೋಲರ್ ಮೇಲೆ ನಿಮ್ಮ ದೇಹ ನಿಂತಲ್ಲೇ ಇದೆ, ತಿರುಗುತ್ತಿರುವುದು ಎರಡು ಚಕ್ರ ಮಾತ್ರ. ಟೈರ್ ನೆಲಕ್ಕೆ ತಾಗಿದ ಕೂಡಲೇ ಒಂದು ಕುಲುಕು, ಅಷ್ಟೇ. ಪೆಟ್ಟಾಗುವುದು ಪಕ್ಕಕ್ಕೆ ವಾಲಿ ಮೇಜಿನ ಮೂಲೆಗೋ ಗಾಜಿನ ಬಾಗಿಲಿಗೋ ತಾಗಿದಾಗ. ಆದ್ದರಿಂದ ಸುತ್ತಲಿನ ಸಾಮಾನು ಸರಿಸಿ.

ಕಲಿಯಲು ಅತಿ ಒಳ್ಳೆಯ ಜಾಗ ಬಾಗಿಲು. ರೋಲರನ್ನು ಬಾಗಿಲ ನಡುವೆ ಇಡಿ. ನಿಮ್ಮ ಎರಡು ಮೊಣಕೈ ಪಕ್ಕಕ್ಕೆ ದಾರಂದ ಬರುವ ಹಾಗಿರಲಿ. ವಾಲಿದರೆ ಭುಜ ದಾರಂದಕ್ಕೆ ಒರಗುತ್ತದೆ, ಬೀಳುವುದಿಲ್ಲ. ಹತ್ತಲು ಒಂದು ಗಟ್ಟಿ ಮಣೆ ಇಟ್ಟುಕೊಳ್ಳಿ. ಮೊದಲ ವಾರ ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲಿಪ್ ಶೂ ಬೇಡ, ಮಾಮೂಲಿ ಶೂ ಹಾಕಿ. ನಡುವಿನ ಗೇರಿನಲ್ಲಿ, ಒಂದು ಕೈ ದಾರಂದದ ಮೇಲೆ ಇಟ್ಟು ತುಳಿಯಲು ಶುರು ಮಾಡಿ. ನಿಧಾನವಾಗಿ ತುಳಿದರೆ ಓಲಾಟ ಜಾಸ್ತಿ, ನಿಮಿಷಕ್ಕೆ 80 ಸುತ್ತು ದಾಟಿದ ಮೇಲೆ ಸೈಕಲ್ ತಾನಾಗಿ ನೆಟ್ಟಗೆ ನಿಲ್ಲುತ್ತದೆ. ಹೊಸಬರು ಹೆದರಿ ನಿಧಾನ ಮಾಡುತ್ತಾರೆ, ಮಾಡಬೇಕಾದದ್ದು ಅದರ ಉಲ್ಟಾ. ಕಣ್ಣು ಚಕ್ರದ ಮೇಲೆ ಬೇಡ. ಆರೇಳು ಅಡಿ ಮುಂದೆ ನೆಲದ ಮೇಲೆ ಒಂದು ಟೇಪ್ ಅಂಟಿಸಿ, ಅದನ್ನೇ ನೋಡಿ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯಬೇಡಿ. ಮುಂದಿನ ಬ್ರೇಕ್ ಮುಟ್ಟಲೇಬೇಡಿ. ನಿಲ್ಲಿಸಬೇಕೆಂದರೆ ತುಳಿಯುವುದನ್ನು ನಿಲ್ಲಿಸಿ, ದಾರಂದ ಹಿಡಿಯಿರಿ. ಕೆಲವೇ ಸೆಕೆಂಡಿನಲ್ಲಿ ಚಕ್ರ ನಿಲ್ಲುತ್ತದೆ. ಮೊದಲ ದಿನ ಹತ್ತು ನಿಮಿಷ ಸಾಕು. ನಾನು ಕಲಿಸಿದವರಲ್ಲಿ ಹೆಚ್ಚಿನವರು ಮೂರನೆಯ ಅಥವಾ ನಾಲ್ಕನೆಯ ದಿನಕ್ಕೆ ಕೈಬಿಟ್ಟು ತುಳಿದಿದ್ದಾರೆ. ದಾರಂದದಿಂದ ಕೈ ಬಿಟ್ಟ ಆ ಮೊದಲ ಕ್ಷಣದಲ್ಲಿ ಅವರ ಮುಖ ನೋಡಬೇಕು! ಚಿಕ್ಕಂದಿನಲ್ಲಿ ಸೈಕಲ್ ಕಲಿತ ದಿನದ ಸಂತೋಷವೇ ಮತ್ತೊಮ್ಮೆ ಬಂದಿರುತ್ತದೆ.

ಸದ್ದು. ಅಲ್ಯೂಮಿನಿಯಂ ಡ್ರಮ್ಮಿನಿಂದ ಕೋಣೆಯೊಳಗೆ ಗುಂಯ್ ಎಂಬ ಸದ್ದು ಬಂದೇ ಬರುತ್ತದೆ. ಅದು ಮಿಕ್ಸಿಯಷ್ಟು ಜೋರಲ್ಲ. ಆದರೆ ಕೆಳಮನೆಯವರಿಗೆ ಕೇಳುವುದು ಈ ಗಾಳಿಯ ಸದ್ದಲ್ಲ, ನೆಲದ ಮೂಲಕ ಇಳಿಯುವ ನಡುಕ. ಅದಕ್ಕೆ ನಿಮ್ಮೂರಲ್ಲೇ ಒಳ್ಳೆಯ ಮದ್ದಿದೆ: ಕೊಟ್ಟಿಗೆಯಲ್ಲಿ ದನಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್. ಜಿಮ್ ಮ್ಯಾಟ್ ಎಂದು ಮಾರುವುದಕ್ಕಿಂತ ಇದು ದಪ್ಪ, ಭಾರ, ಬೆಲೆಯೂ ಕಡಿಮೆ. ಟೈಲ್ಸ್ ನೆಲದ ಮೇಲೆ ರೋಲರ್ ಜಾರುವುದೂ ಇದರಿಂದ ನಿಲ್ಲುತ್ತದೆ. ಟೈರ್ ನುಣುಪಾಗಿರಲಿ, ಗುಬುಟು ಗುಬುಟಾದ ಟೈರ್ ಹಾಕಿ ತುಳಿದರೆ ಯಾವ ಮ್ಯಾಟೂ ಉಳಿಸುವುದಿಲ್ಲ. ನಿಮ್ಮ 28 ಮಿ.ಮೀ. ಟೈರಿಗೆ ತೊಂದರೆಯಿಲ್ಲ. ಮಳೆಯಲ್ಲಿ ಹೊರಗೆ ಹೋಗಿ ಬಂದಿದ್ದರೆ ಮಾತ್ರ ಟೈರ್ ಒರೆಸಿ ಹತ್ತಿಸಿ. ಮರಳಿನ ಕಣ ಡ್ರಮ್ಮನ್ನು ಗೀರುತ್ತದೆ. ಹಾಗಿದ್ದರೂ ಬೆಳಗ್ಗೆ ಐದಕ್ಕೆ ಶುರು ಮಾಡುವ ಮುಂಚೆ ಕೆಳಗಿನ ಮನೆಯವರನ್ನು ಒಂದು ಮಾತು ಕೇಳಿ. ನೀವು ತುಳಿಯುವಾಗ ಅವರ ಮನೆಯಲ್ಲಿ ನಿಂತು ಕೇಳಲು ಮನೆಯವರನ್ನು ಕಳಿಸಿ. ಅದೇ ನಿಜವಾದ ಪರೀಕ್ಷೆ.

ಮಗುವಿನ ವಿಷಯ ನೀವು ಒಂದು ಸಾಲಿನಲ್ಲಿ ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದು. ತಿರುಗುವ ಡ್ರಮ್ ಮತ್ತು ಟೈರಿನ ನಡುವೆ, ಬೆಲ್ಟ್ ಮತ್ತು ಡ್ರಮ್ಮಿನ ನಡುವೆ ಬೆರಳು ಸಿಕ್ಕರೆ ಕ್ಷಣದಲ್ಲಿ ಅನಾಹುತವಾಗುತ್ತದೆ. ಐದು ವರ್ಷದ ಮಗುವಿಗೆ ಆ ತಿರುಗುವ ವಸ್ತು ಆಟಿಕೆಯಂತೆ ಕಾಣುತ್ತದೆ. ನೀವು ಮೇಲೆ ಕೂತಾಗ ಹಿಂದಿನಿಂದ ಯಾರು ಬಂದರೂ ಕಾಣುವುದಿಲ್ಲ. ಬಾಗಿಲ ನಡುವೆ ಕಲಿಯುವ ಮೊದಲ ವಾರ, ಮಗು ಶಾಲೆಯಲ್ಲಿದ್ದಾಗಲೋ ಇನ್ನೊಬ್ಬರು ನೋಡಿಕೊಳ್ಳುತ್ತಿರುವಾಗಲೋ ಮಾತ್ರ ತುಳಿಯಿರಿ. ಕಲಿತ ಮೇಲೆ ರೋಲರನ್ನು ಕೋಣೆಯೊಳಗೆ ಗೋಡೆ ಪಕ್ಕಕ್ಕೆ ಸರಿಸಿ, ಬಾಗಿಲ ಚಿಲಕ ಹಾಕಿಕೊಂಡು ತುಳಿಯಿರಿ. ಮುಗಿದ ಮೇಲೆ ಮಡಚಿ ಮಂಚದಡಿಗೆ ತಳ್ಳಿ. ಸಡಿಲ ಪ್ಯಾಂಟು, ದುಪಟ್ಟಾ, ಬಿಚ್ಚಿದ ಶೂ ದಾರ ಕೂಡ ಬೇಡ.

ಇನ್ನು ಸೆಕೆ. ಬೆಟ್ಟದ ಊರುಗಳಲ್ಲಿ ಮನೆಯೊಳಗೆ ತುಳಿಯುವುದಕ್ಕೂ ಕರಾವಳಿಯಲ್ಲಿ ತುಳಿಯುವುದಕ್ಕೂ ಬಹಳ ವ್ಯತ್ಯಾಸ. ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗೆ ಗಾಳಿಯ ತುಂಬ ತೇವ. ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಸೀಲಿಂಗ್ ಫ್ಯಾನ್ ಸಾಲದು. ಎದೆಗೆ ನೇರ ಬೀಸುವ ದೊಡ್ಡ ಪೆಡೆಸ್ಟಲ್ ಫ್ಯಾನ್ ಬೇಕೇ ಬೇಕು. ರೋಲರಿನ ಬಜೆಟ್ ಮಾಡುವಾಗ ಫ್ಯಾನಿನ ದುಡ್ಡನ್ನೂ ಸೇರಿಸಿಕೊಳ್ಳಿ. ನೀರಿನ ಬಾಟಲಿ ಹತ್ತಿರದ ಸ್ಟೂಲಿನ ಮೇಲಿರಲಿ, ಚಿಟಿಕೆ ಉಪ್ಪು ಹಾಕಿದ ಲಿಂಬೆ ಶರಬತ್ತು ಆದರೆ ಇನ್ನೂ ಒಳ್ಳೆಯದು. ಹ್ಯಾಂಡಲ್ ಮತ್ತು ಸೀಟಿನ ನಡುವೆ ಒಂದು ಹಳೆಯ ಟವೆಲ್ ಕಟ್ಟಿ. ಬೆವರಿನ ಉಪ್ಪು ಹ್ಯಾಂಡಲ್ಲಿನ ಬೋಲ್ಟ್, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗ) ಬೇರಿಂಗ್‌ಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಿದಾಗ ತುಕ್ಕು ಹಿಡಿದ ಎಷ್ಟೋ ಸೈಕಲ್‌ಗಳನ್ನು ನಾನು ರಿಪೇರಿ ಮಾಡಿದ್ದೇನೆ. ಅವು ಮಳೆಯಲ್ಲಿ ಒಮ್ಮೆಯೂ ನೆನೆದಿರಲಿಲ್ಲ.

ಎಷ್ಟು ತುಳಿಯಬೇಕು? ವಾರಕ್ಕೆ ಮೂರು ದಿನ ಸಾಕು. ಎರಡು ದಿನ 40 ನಿಮಿಷ, ಒಂದು ದಿನ ಒಂದು ಗಂಟೆ. ರೋಲರ್ ಮೇಲೆ ಸುಮ್ನೆ ಉರುಳಲು ಬಿಡುವ ಸಮಯವೇ ಇಲ್ಲ, ಪ್ರತಿ ನಿಮಿಷವೂ ತುಳಿಯಬೇಕು. ಅದಕ್ಕೇ ಇಲ್ಲಿನ ಒಂದು ಗಂಟೆ ರಸ್ತೆಯ ಒಂದು ಗಂಟೆಗಿಂತ ಗಟ್ಟಿ. ಮಧ್ಯೆ ಮಧ್ಯೆ ಐದು ನಿಮಿಷ, ನಿಮಿಷಕ್ಕೆ 100ರಿಂದ 110 ಸುತ್ತು ತುಳಿದು ನೋಡಿ. ಸೀಟಿನ ಮೇಲೆ ಕುಪ್ಪಳಿಸದೆ ಅಷ್ಟು ತುಳಿಯಲು ಬಂದರೆ ಬ್ರೆವೆಯ 250ನೇ ಕಿಲೋಮೀಟರಿನಲ್ಲಿ ಅದರ ಲಾಭ ತಿಳಿಯುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಇಳಿದು ಅರ್ಧ ನಿಮಿಷ ನಿಲ್ಲಿ. ರೋಲರ್ ಮೇಲೆ ಒಂದೇ ಭಂಗಿಯಲ್ಲಿ ಕೂರುವುದರಿಂದ ಸೀಟು ಒತ್ತುವುದು ಬೇಗ. ಘಾಟಿಯ ಶಕ್ತಿಗೆ ಮಳೆ ಬಿಟ್ಟ ಭಾನುವಾರ ಹೊರಗೆ ಹೋಗಿ ಏರು ತುಳಿಯಿರಿ. ಅದೂ ಆಗದ ವಾರ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ.

ರೋಲರ್ ತರುವುದು ಮೇ ತಿಂಗಳ ಮೊದಲ ವಾರವೇ ಆಗಲಿ. ಮಳೆ ಹಿಡಿಯುವುದರೊಳಗೆ ದಾರಂದ ಬಿಟ್ಟು ತುಳಿಯಲು ಬಂದಿರಬೇಕು. ಆಗ ಜೂನ್ ಒಂದರಿಂದಲೇ ಅಭ್ಯಾಸ ಶುರು ಮಾಡಬಹುದು. ಕೊಳ್ಳುವ ಮುಂಚೆ ಡ್ರಮ್ಮಿನ ವ್ಯಾಸ, ನಿಮ್ಮ ಎರಡು ಆಕ್ಸಲ್‌ಗಳ ನಡುವಿನ ಅಳತೆ ಇವೆರಡನ್ನೂ ಬರೆದು ಕಳಿಸಿದರೆ, ಅದು ನಿಮಗೆ ಹೊಂದುತ್ತದಾ ಎಂದು ನೋಡಿ ಹೇಳುತ್ತೇನೆ.